ಬ್ಲಾಗ್‌ಸ್ಪಾಟ್‌ನಲ್ಲಿ ಏನಿಲ್ಲ, ಏನಿರಬೇಕಿತ್ತು?

ನಿಮ್ಮ ಪ್ರಶ್ನೆ ಇಷ್ಟು: ಬ್ಲಾಗ್‌ಸ್ಪಾಟ್‌ನಲ್ಲಿ ಕನ್ನಡ ಬ್ಲಾಗ್ ಶುರು ಮಾಡೋಣ ಅಂತಿದ್ದೀರಿ. ಆದರೆ ಹಳೇ ಬ್ಲಾಗಿಗರೆಲ್ಲ ‘ಗೂಗಲ್ ಅದನ್ನು ಮರೆತೇಬಿಟ್ಟಿದೆ, ಅದಿಲ್ಲ, ಇದಿಲ್ಲ’ ಎಂದು ಗೊಣಗುತ್ತಾರೆ. ನಿಜವಾಗಿ ಏನಿಲ್ಲ? ಏನಿದ್ದಿದ್ದರೆ ಚೆನ್ನಾಗಿತ್ತು?

ಗೊಣಗುವವರಲ್ಲಿ ನಾನೂ ಒಬ್ಬ. 2008ರಿಂದ ಅಲ್ಲೇ ಬರೆಯುತ್ತಿದ್ದೇನೆ, ಮುನ್ನೂರು ಚಿಲ್ಲರೆ ಬರಹಗಳಿವೆ. ಗೊಣಗುತ್ತಲೇ ಅಲ್ಲೇ ಇದ್ದೇನೆ ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. ಬಿಟ್ಟಿ ಸಿಗುತ್ತದೆ, ನಾವು ಹಾಕದೆ ಜಾಹೀರಾತು ಬರುವುದಿಲ್ಲ, ಥೀಮಿನ, ಅಂದರೆ ಬ್ಲಾಗಿನ ಹೊರನೋಟದ, ಕೋಡನ್ನು ನಮಗೆ ಬೇಕಾದ ಹಾಗೆ ತಿದ್ದಬಹುದು. ಇಷ್ಟು ಬಿಟ್ಟಿಯಾಗಿ ಕೊಡುವವರು ಈಗ ಕಡಿಮೆ.

ಬ್ಲಾಗ್‌ಸ್ಪಾಟ್ ಅನ್ನುವುದು ವಿಳಾಸದಲ್ಲಿ ಬರುವ ಹೆಸರು, ಅದರ ಹಿಂದಿರುವ ಸೇವೆಯ ಹೆಸರು ಬ್ಲಾಗರ್. ಇದು 1999ರಲ್ಲಿ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಕಂಪನಿಯಲ್ಲಿ ಹುಟ್ಟಿದ್ದು. 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಕಟ್ಟಿದವರಲ್ಲಿ ಒಬ್ಬರಾದ ಇವಾನ್ ವಿಲಿಯಮ್ಸ್ ಮರುವರ್ಷವೇ ಹೊರಬಿದ್ದು, ಮುಂದೆ ಟ್ವಿಟರ್ ಕಟ್ಟುವುದರಲ್ಲಿ ಕೈಜೋಡಿಸಿದರು, ಆಮೇಲೆ ಮೀಡಿಯಂ ಎಂಬ ಬರಹಗಳ ತಾಣ ಶುರು ಮಾಡಿದರು. ಬ್ಲಾಗರ್ ಮಾತ್ರ ಊರಲ್ಲಿ ಉಳಿದ ಅಜ್ಜನ ಮನೆಯಂತಾಯಿತು. ಮಾಡು ಸೋರುವುದಿಲ್ಲ, ಕರೆಂಟ್ ಬಿಲ್ಲನ್ನು ಯಾರೋ ಕಟ್ಟುತ್ತಿದ್ದಾರೆ, ಆದರೆ ಸುಣ್ಣ ಬಳಿಯುವವರಿಲ್ಲ. 2017ರಲ್ಲಿ ನಾಲ್ಕು ಹೊಸ ಥೀಮು ಬಂದವು, 2020ರಲ್ಲಿ ಡ್ಯಾಶ್‌ಬೋರ್ಡಿಗೆ, ಅಂದರೆ ನಾವು ಬ್ಲಾಗ್ ನಡೆಸುವ ಒಳಪುಟಕ್ಕೆ, ಹೊಸ ರೂಪ ಬಂತು. ಬರೆಯುವವರು ಬಹಳ ಕಾಲದಿಂದ ಕೇಳುತ್ತಿರುವುದು ಮಾತ್ರ ಎರಡರಲ್ಲೂ ಬರಲಿಲ್ಲ.

ಈಗ ನನ್ನ ಪಟ್ಟಿಗೆ ಬರುತ್ತೇನೆ. ಮೊದಲನೆಯದು ಕನ್ನಡದವರಿಗಷ್ಟೇ ಗೊತ್ತಾಗುವ ನೋವು. ತಮಿಳು, ತೆಲುಗು, ಹಿಂದಿಯವರಿಗೂ ಗೊತ್ತು ಅನ್ನಿ.

ನೀವು ‘ಮಳೆಗಾಲ’ ಎಂದು ತಲೆಬರಹ ಕೊಟ್ಟು ಪ್ರಕಟಿಸಿದಿರಿ ಅಂದುಕೊಳ್ಳಿ. ಆ ಬರಹಕ್ಕೆ ಬ್ಲಾಗರ್ ತಾನಾಗಿಯೇ ಒಂದು ವಿಳಾಸ ಮಾಡಿಕೊಡುತ್ತದೆ. ಇಂಗ್ಲಿಷ್ ತಲೆಬರಹವಾಗಿದ್ದರೆ ಅದರ ಪದಗಳೇ ವಿಳಾಸದಲ್ಲಿ ಬರುತ್ತವೆ. ಕನ್ನಡವಾದರೆ ಅಕ್ಷರಗಳನ್ನೆಲ್ಲ ಉದುರಿಸಿ, ಉಳಿದದ್ದೇನೂ ಇಲ್ಲ ಎಂದು ನೋಡಿ, ಸುಮ್ನೆ ‘ಬ್ಲಾಗ್-ಪೋಸ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತದೆ. ಅದೇ ತಿಂಗಳಲ್ಲಿ ಇನ್ನೊಂದು ಬರೆದರೆ ಅದೂ ‘ಬ್ಲಾಗ್-ಪೋಸ್ಟ್’, ಹಿಂದೆ ಒಂದು ಅಂಕಿ ಅಂಟಿಸಿಕೊಂಡು. ತಲೆಬರಹದಲ್ಲಿ ‘2010ರ ಮಳೆಗಾಲ’ ಎಂದಿದ್ದರೆ ವಿಳಾಸ ಬರೀ ‘2010’. ಹದಿನೈದು ವರ್ಷ ಬರೆದ ಕನ್ನಡದವರ ಬ್ಲಾಗಿನ ವಿಳಾಸಗಳನ್ನು ಸಾಲಾಗಿ ಇಟ್ಟು ನೋಡಿ. ಜೈಲಿನ ಕೈದಿಗಳ ಹಾಗೆ ಎಲ್ಲಕ್ಕೂ ಒಂದೇ ಅಂಗಿ, ಎದೆಯ ಮೇಲೆ ನಂಬರು. ಯಾವುದು ಅಜ್ಜಿಯ ಕಥೆ, ಯಾವುದು ಸಿನಿಮಾ ವಿಮರ್ಶೆ, ಕೊಂಡಿ ನೋಡಿ ಹೇಳುವ ಹಾಗಿಲ್ಲ.

2012ರಲ್ಲಿ ನಾವೇ ವಿಳಾಸ ಬರೆದುಕೊಳ್ಳುವ ಅವಕಾಶ ಬಂತು. ಅದೂ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಚುಕ್ಕಿಗಳಲ್ಲಿ ಮಾತ್ರ. ಕನ್ನಡ ಹಾಕಿದರೆ ಒಪ್ಪುವುದಿಲ್ಲ. ಹಾಗಾದರೆ ವಿಳಾಸದಲ್ಲಿ ಕನ್ನಡವನ್ನೇ ಬರಲು ಬಿಡಬೇಕಿತ್ತು ಅನ್ನುತ್ತೀರಾ? ನನಗೆ ಅದರ ಬಗ್ಗೆ ಎರಡು ಮನಸ್ಸು. ಕನ್ನಡ ವಿಕಿಪೀಡಿಯ ಹಾಗೇ ಮಾಡುತ್ತದೆ, ಬ್ರೌಸರಿನಲ್ಲಿ ನೋಡಲು ಚಂದ. ಆದರೆ ಅದನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಮೆರವಣಿಗೆ ಹೊರಡುತ್ತದೆ. ಕಂಪ್ಯೂಟರಿನಲ್ಲಿ ಅಕ್ಷರ ಬರೆದಿಡುವ ಪದ್ಧತಿಯಾದ ಯೂನಿಕೋಡ್‌ನ, ವೆಬ್ಬಿನಲ್ಲಿ ಬಳಸುವ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಚಿಹ್ನೆಗೂ ಮೂರು ಬೈಟ್ ಬೇಕು, ಒಂದೊಂದು ಬೈಟ್ ಹೀಗೆ ಬಿಚ್ಚಿಕೊಂಡಾಗ ಮೂರು ಅಕ್ಷರವಾಗುತ್ತದೆ. ಅಂದರೆ ಒಂದಕ್ಕೆ ಒಂಬತ್ತು. ‘ಮಳೆಗಾಲ’ ಎಂಬ ಪುಟ್ಟ ಪದವೇ 54 ಅಕ್ಷರದ ಬಾಲವಾಗುತ್ತದೆ. ವಾಟ್ಸಾಪ್‌ನಲ್ಲಿ ಅಂಥದ್ದನ್ನು ಕಳಿಸಿದರೆ ನಮ್ಮ ಮಾವ ವೈರಸ್ ಎಂದುಕೊಂಡು ಡಿಲೀಟ್ ಮಾಡುತ್ತಾರೆ.

ಹಾಗಾಗಿ ನನಗೆ ಬೇಕಿದ್ದದ್ದು ಸರಳ. ತಲೆಬರಹ ಕನ್ನಡದಲ್ಲಿ ಬರೆದ ಕೂಡಲೇ ಅದರ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತಾನೇ ಬರೆದು ‘ಇದು ಸಾಕಾ?’ ಎಂದು ಕೇಳಲಿ. ನಗು ಬರುವ ವಿಷಯ ಏನು ಗೊತ್ತಾ? ಇದರ ತಿರುಗುಮುರುಗು ಕೆಲಸ ಮಾಡುವ ಗುಂಡಿ, ಅಂದರೆ ಇಂಗ್ಲಿಷ್ ಕೀಲಿಯಲ್ಲಿ ಕುಟ್ಟಿದ್ದನ್ನು ಕನ್ನಡ ಮಾಡಿಕೊಡುವ ಗುಂಡಿ, ಬ್ಲಾಗರ್‌ನ ಎಡಿಟರಿಗೇ ಎಷ್ಟೋ ವರ್ಷದ ಹಿಂದೆ ಬಂದಿತ್ತು. ನನ್ನ ಕಾಲದ ಎಷ್ಟೋ ಜನ ಕನ್ನಡದಲ್ಲಿ ಟೈಪ್ ಮಾಡಲು ಕಲಿತದ್ದೇ ಅದರಲ್ಲಿ. ಬರೆಯುವಾಗ ಕನ್ನಡ ಬರುತ್ತದೆ, ವಿಳಾಸ ಹಾಕುವಾಗ ಮರೆತುಹೋಗುತ್ತದೆ ಅಂದರೆ ಏನರ್ಥ?

ಎರಡನೆಯದು, ಹಳೇ ಪ್ರತಿ. ಇದರ ಬೆಲೆ ನನಗೆ ತಿಳಿದದ್ದು ನನ್ನದೇ ಪೆದ್ದುತನದಿಂದ. ಅಜ್ಜಿ ಮಾಡುತ್ತಿದ್ದ ಅಪ್ಪೆಹುಳಿಯ ಬಗ್ಗೆ ಒಂದು ಬರಹವಿತ್ತು. ನಾಲ್ಕು ವರ್ಷ ಹಳೆಯದು. ದೀಪಾವಳಿಗೆ ಊರಿಗೆ ಹೋಗುವಾಗ ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ, ಫೋನಿನಲ್ಲಿ ಅದನ್ನು ತೆರೆದು ಒಂದು ಕಾಗುಣಿತ ತಿದ್ದಲು ಹೋದೆ. ಬಸ್ಸು ಹಂಪು ಹಾರಿತು, ಬೆರಳು ಎಲ್ಲಿಗೋ ಹೋಯಿತು, ಪೂರ್ತಿ ಬರಹ ಸೆಲೆಕ್ಟ್ ಆಗಿ ಅಳಿಸಿಹೋಯಿತು. ಗಾಬರಿಯಲ್ಲಿ ಅಪ್‌ಡೇಟ್ ಒತ್ತಿಬಿಟ್ಟೆ. ಅಲ್ಲಿಗೆ ಮುಗಿಯಿತು. ತಪ್ಪು ನೂರಕ್ಕೆ ನೂರು ನನ್ನದೇ. ಆದರೆ ಪ್ರಕಟಿಸಿದ ಬರಹದ ಹಿಂದಿನ ರೂಪಕ್ಕೆ ಮರಳುವ ದಾರಿ ಬ್ಲಾಗರ್‌ನಲ್ಲಿ ಇಲ್ಲ. ವಿಕಿಪೀಡಿಯದಲ್ಲಿ ಯಾರು ಯಾವತ್ತು ಯಾವ ಅಲ್ಪವಿರಾಮ ತೆಗೆದರು ಎಂಬುದೂ ಸಿಗುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಇದೇ ಗೂಗಲ್ ಈ ಸೌಲಭ್ಯ ಕೊಟ್ಟಿದೆ. ಅಂಗಡಿಯಲ್ಲಿ ಸಾಮಾನಿದೆ, ಈ ಗಿರಾಕಿಗೆ ಕೊಡುವುದಿಲ್ಲ, ಅಷ್ಟೇ.

ಆ ಬರಹ ನನಗೆ ಮರಳಿ ಸಿಕ್ಕಿದ್ದು ಸಾಗರದಲ್ಲಿರುವ ಚಿಕ್ಕಮ್ಮನ ಇನ್‌ಬಾಕ್ಸಿನಲ್ಲಿ. ಅವರು ನನ್ನ ಬ್ಲಾಗಿಗೆ ತಮ್ಮ ಈಮೇಲ್ ವಿಳಾಸ ಕೊಟ್ಟಿದ್ದರು. ಹೊಸ ಬರಹ ಹಾಕಿದಾಗಲೆಲ್ಲ ಪೂರ್ತಿ ಪಠ್ಯ ಅವರಿಗೆ ಮೇಲ್ ಆಗಿ ಹೋಗುತ್ತಿತ್ತು. ಅವರೋ ಒಂದನ್ನೂ ಅಳಿಸುವವರಲ್ಲ, ಬ್ಯಾಂಕಿನ ಲೋನ್ ಜಾಹೀರಾತನ್ನೂ ಇಟ್ಟುಕೊಳ್ಳುತ್ತಾರೆ. ‘ಇದೆ ಮಾರಾಯ, ಕಳಿಸ್ತೇನೆ ತಡಿ’ ಎಂದರು.

ಇದೇ ನನ್ನ ಮೂರನೆಯ ಬೇಡಿಕೆ. ಆ ಈಮೇಲ್ ಸೌಲಭ್ಯ ವಾಪಸ್ ಬರಬೇಕು. ಅದು ನಡೆಯುತ್ತಿದ್ದದ್ದು ಫೀಡ್‌ಬರ್ನರ್ ಎಂಬ ಸೇವೆಯ ಮೂಲಕ. 2007ರಲ್ಲಿ ಗೂಗಲ್ ಅದನ್ನು ಕೊಂಡಿತ್ತು, 2021ರಲ್ಲಿ ಅದರ ಈಮೇಲ್ ಭಾಗವನ್ನು ನಿಲ್ಲಿಸಿತು. ಅದಕ್ಕೂ ಮುಂಚೆ, 2013ರ ಜುಲೈನಲ್ಲಿ, ಹಲವು ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ ಮುಚ್ಚಿತ್ತು. ಬ್ಲಾಗ್ ಓದುವವರಲ್ಲಿ ಎರಡು ಜಾತಿ. ದಿನಾ ರೀಡರ್ ತೆರೆದು ಯಾರೇನು ಬರೆದರು ಎಂದು ನೋಡುವವರು, ಮತ್ತು ಮನೆ ಬಾಗಿಲಿಗೆ ಬಂದರೆ ಮಾತ್ರ ಓದುವವರು. ಮೊದಲನೆಯವರು 2013ರಲ್ಲಿ ಚದುರಿದರು, ಎರಡನೆಯವರ ಬಾಗಿಲು 2021ರಲ್ಲಿ ಮುಚ್ಚಿತು. ಕನ್ನಡದ ಬ್ಲಾಗುಗಳು ಯಾಕೆ ಬಣಗುಟ್ಟುತ್ತಿವೆ ಎಂದು ಕೇಳಿದರೆ ಎಲ್ಲರೂ ಫೇಸ್‌ಬುಕ್ ಕಡೆ ಬೆರಳು ತೋರಿಸುತ್ತಾರೆ. ಅದೂ ಸರಿಯೇ. ಆದರೆ ಫೇಸ್‌ಬುಕ್ಕಿಗೆ ಹೋಗದ ಚಿಕ್ಕಮ್ಮಂದಿರೂ ಇದ್ದರಲ್ವಾ, ಅವರನ್ನು ಕಳೆದುಕೊಂಡದ್ದು ಹೀಗೆ. ಸಬ್‌ಸ್ಟ್ಯಾಕ್ ಎಂಬ ತಾಣ ಇವತ್ತು ಬೆಳೆದಿರುವುದು ಬರಹವನ್ನು ಮೇಲ್‌ಗೆ ಕಳಿಸುವ ಇದೇ ಸರಳ ಕೆಲಸದ ಮೇಲೆ. ಜಿಮೇಲ್ ಇಟ್ಟುಕೊಂಡ ಕಂಪನಿಗೆ ಇದು ಕಷ್ಟವಾಗಬಾರದಿತ್ತು.

ಸಣ್ಣಪುಟ್ಟವು ಸುಮಾರಿವೆ, ಬೇಗ ಹೇಳಿ ಮುಗಿಸುತ್ತೇನೆ.

ಕವನ ಬರೆಯುವವರಿಗೆ ಸಾಲಿನ ಕಾಟ. ಎಂಟರ್ ಒತ್ತಿದರೆ ಹೊಸ ಪ್ಯಾರಾ ಆಗಿ, ಕೆಲವು ಥೀಮುಗಳಲ್ಲಿ ಸಾಲುಸಾಲಿನ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಬೀಳುತ್ತದೆ. ಶಿಫ್ಟ್ ಒತ್ತಿ ಎಂಟರ್ ಒತ್ತಬೇಕು. ಇದನ್ನು ನಾನು ಎಷ್ಟು ಕವಿಗಳಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಸಂಶೋಧನೆ, ಇತಿಹಾಸ ಬರೆಯುವವರಿಗೆ ಅಡಿಟಿಪ್ಪಣಿಯ ಗುಂಡಿ ಇಲ್ಲ. ಥೀಮ್ ಡಿಸೈನರಿನಲ್ಲಿ ಅಕ್ಷರಶೈಲಿಗಳ ಪಟ್ಟಿ ಉದ್ದಕ್ಕಿದೆ, ಕನ್ನಡದ್ದಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ, ಅನೇಕ್, ತಿರೋ ಎಂದು ಎಷ್ಟು ಚಂದದ ಕನ್ನಡ ಅಕ್ಷರಗಳಿವೆ! ಪಕ್ಕದ ಕೋಣೆಯಲ್ಲೇ ಇವೆ, ಬಾಗಿಲು ತೆಗೆದಿಲ್ಲ. ಈಗ ನಾವೇ ಥೀಮಿನ ಕೋಡಿಗೆ ಕೈಹಾಕಿ ಸೇರಿಸಿಕೊಳ್ಳಬೇಕು. ಹಾಗೆ ಸೇರಿಸುವಾಗ ಸಾಲುಗಳ ನಡುವಿನ ಅಂತರವನ್ನು 1.7 ಅಥವಾ 1.8ಕ್ಕೆ ಏರಿಸಿ. ಇಂಗ್ಲಿಷಿಗೆಂದು ಇಟ್ಟ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತವೆ.

ಲೇಬಲ್‌ಗಳ, ಅಂದರೆ ಬರಹಕ್ಕೆ ಹಚ್ಚುವ ವಿಷಯದ ಚೀಟಿಗಳ, ಹೆಸರು ಬದಲಿಸುವ ಗುಂಡಿ ಇಲ್ಲ. ನನ್ನ ಬ್ಲಾಗಿನಲ್ಲಿ ‘ಕವನ’, ‘ಕವಿತೆ’, ‘ಕವನಗಳು’ ಎಂದು ಒಂದೇ ಮನೆಯ ಮೂವರು ಪಾಲು ಕೇಳಿಕೊಂಡು ಕೂತಿದ್ದಾರೆ. ಒಂದು ಮಾಡಬೇಕಾದರೆ ಬರಹಗಳನ್ನೆಲ್ಲ ಆರಿಸಿ, ಹೊಸ ಲೇಬಲ್ ಹಚ್ಚಿ, ಹಳೆಯದನ್ನು ಕೀಳಬೇಕು. ಲೇಬಲ್ಲಿನೊಳಗೆ ಲೇಬಲ್ ಇಡುವ ಹಾಗೂ ಇಲ್ಲ. ಮೇಲಾಗಿ, ಬ್ಲಾಗರ್ ತಾನಾಗಿ ಇಡುವ ರೋಬಾಟ್ಸ್ ಫೈಲು ಲೇಬಲ್ ಪುಟಗಳ ಕಡೆ ಬರಬೇಡಿ ಎಂದು ಸರ್ಚ್ ಎಂಜಿನ್‌ಗಳಿಗೆ ಹೇಳುತ್ತದೆ. ಇಪ್ಪತ್ತು ಕಂತು ಪ್ರವಾಸಕಥನ ಬರೆದು ‘ಹಿಮಾಲಯ’ ಎಂದು ಲೇಬಲ್ ಕೊಟ್ಟರೂ, ಹುಡುಕುವವರಿಗೆ ಆ ಇಪ್ಪತ್ತೂ ಒಟ್ಟಿಗೆ ಇರುವ ಪುಟ ಸಿಗುವುದು ಕಷ್ಟ. ಇದಕ್ಕೊಂದು ಉಪಾಯ ಇದೆ. ನೀವೇ ಒಂದು ಪುಟ ಮಾಡಿ, ಕಂತುಗಳ ಕೊಂಡಿಗಳನ್ನು ಕೈಯಾರೆ ಜೋಡಿಸಿ. ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಆಯಿತು.

ಕಾಮೆಂಟುಗಳ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಗಂಟಲು ಕಟ್ಟುತ್ತದೆ. 2008, 2009ರಲ್ಲಿ ಕನ್ನಡ ಬ್ಲಾಗುಗಳ ಜೀವ ಇದ್ದದ್ದೇ ಕೆಳಗಡೆ. ಒಂದು ಹರಟೆ ಹಾಕಿದರೆ ಕೆಳಗೆ ಮೂವತ್ತು ಜನ ಕೂತು ಬರಹಕ್ಕಿಂತ ಉದ್ದ ಹರಟುತ್ತಿದ್ದರು. ಧಾರವಾಡದವರೊಬ್ಬರು, ಕುವೈತ್‌ನಿಂದ ಒಬ್ಬರು, ಹೆಸರೇ ಹೇಳದ ಒಬ್ಬರು. ಹೆಸರಿಲ್ಲದವರೇ ಜಾಸ್ತಿ ಚೆನ್ನಾಗಿ ಬರೆಯುತ್ತಿದ್ದರು. ಅಲ್ಲಿ ಬೇಕಿದ್ದದ್ದು ಎರಡೇ. ಉತ್ತರಕ್ಕೆ ಉತ್ತರ, ಅದಕ್ಕೆ ಮರು ಉತ್ತರ ಕೊಡುವಷ್ಟು ಆಳ. ಈಗಿರುವುದು ಒಂದೇ ಮೆಟ್ಟಿಲು. ಎರಡನೆಯದು, ಬರೆದವರಿಗೆ ತಮ್ಮ ಕಾಮೆಂಟನ್ನು ತಿದ್ದುವ ಅವಕಾಶ. ಈಗ ಅಳಿಸಿ ಹೊಸದಾಗಿ ಬರೆಯಬೇಕು, ‘ಲೇಖಕರು ಇದನ್ನು ಅಳಿಸಿದ್ದಾರೆ’ ಎಂಬ ಗುರುತು ಉಳಿದು, ಏನು ಬೈದಿದ್ದರೋ ಎಂದು ಮಿಕ್ಕವರು ಊಹಿಸುತ್ತಾರೆ. ನಡುವೆ ಗೂಗಲ್‌ನದೇ ಜಾಲತಾಣ ಗೂಗಲ್ ಪ್ಲಸ್ ಬಂದಾಗ ಕಾಮೆಂಟುಗಳನ್ನು ಅದಕ್ಕೆ ಜೋಡಿಸುವ ಆಯ್ಕೆ ಕೊಟ್ಟರು. 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿದಾಗ, ಹಾಗೆ ಜೋಡಿಸಿಕೊಂಡಿದ್ದವರ ಆ ಕಾಮೆಂಟುಗಳೂ ಅದರ ಜೊತೆಗೇ ಹೋದವು. ಹೊಸ ಸೌಲಭ್ಯ ಕೊಟ್ಟರೂ ಹೆದರುವ ಹಾಗಾಗಿದ್ದು ಇಂಥದಕ್ಕೇ.

ಇನ್ನು ಬ್ಲಾಗ್‌ಸ್ಪಾಟ್ ಡಾಟ್ ಇನ್ ಕಥೆ. ಇದು ಭಾರತದವರಿಗೆ ಗೊತ್ತಿರಲೇಬೇಕು. 2012ರಲ್ಲಿ ಗೂಗಲ್ ದೇಶಕ್ಕೊಂದು ಬಾಲ ಶುರು ಮಾಡಿತು. ಭಾರತದಲ್ಲಿ ಕೂತು ಯಾವ ಬ್ಲಾಗ್‌ಸ್ಪಾಟ್ ತೆರೆದರೂ ವಿಳಾಸದ ಕೊನೆಯಲ್ಲಿ ‘ಡಾಟ್ ಕಾಮ್’ ಹೋಗಿ ‘ಡಾಟ್ ಇನ್’ ಬರುತ್ತಿತ್ತು. ಜನ ಅದನ್ನೇ ಕಾಪಿ ಮಾಡಿ ಹಂಚಿದರು, ಪುಸ್ತಕದ ಬೆನ್ನಿಗೆ ಹಾಕಿಸಿದರು, ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದರು. 2018ರಲ್ಲಿ ಆ ಏರ್ಪಾಡು ನಿಂತಿತು. 2020ರಲ್ಲಿ ಆ ‘ಡಾಟ್ ಇನ್’ ಹೆಸರೇ ಗೂಗಲ್ ಕೈತಪ್ಪಿ ಬೇರೆಯವರ ಪಾಲಾಯಿತು. ಆರು ವರ್ಷ ಹಂಚಿದ ಕೊಂಡಿಗಳೆಲ್ಲ ಬಾವಿಗೆ ಬಿದ್ದವು. ಹಳೇ ಕನ್ನಡ ಬರಹಗಳ ಕೊಂಡಿ ಒತ್ತಿ ‘ಸಿಗುತ್ತಿಲ್ಲ’ ಎಂದು ಬಂದರೆ ಒಮ್ಮೆ ವಿಳಾಸದಲ್ಲಿ ‘ಇನ್’ ತೆಗೆದು ‘ಕಾಮ್’ ಹಾಕಿ ನೋಡಿ. ಬ್ಲಾಗಿನವರು ಅಳಿಸಿರದಿದ್ದರೆ ಬರಹ ಅಲ್ಲೇ ಇರುತ್ತದೆ. ಇಲ್ಲಿ ನನಗೆ ಬೇಕಿದ್ದದ್ದು ಹೊಸ ಸೌಲಭ್ಯವೇನಲ್ಲ. ಏನಾದರೂ ಬದಲಾಗುವ ಮುಂಚೆ ಡ್ಯಾಶ್‌ಬೋರ್ಡಿನಲ್ಲಿ, ಕನ್ನಡದಲ್ಲಿ, ಎರಡು ಸಾಲಿನ ನೋಟೀಸು.

ಬ್ಯಾಕಪ್ ಬಗ್ಗೆ ಹೇಳದೆ ಮುಗಿಸುವ ಹಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಇದೆ, ಬರಹ ಮತ್ತು ಕಾಮೆಂಟುಗಳು ಒಂದು ಫೈಲಾಗಿ ಇಳಿಯುತ್ತವೆ. ಚಿತ್ರಗಳು ಅದರೊಳಗೆ ಬರುವುದಿಲ್ಲ, ಅವುಗಳ ವಿಳಾಸ ಮಾತ್ರ ಬರುತ್ತದೆ. ಫೋಟೋ ಆಲ್ಬಮ್ ಕೇಳಿದರೆ ಫೋಟೋ ಇರುವ ಮನೆಯ ಅಡ್ರೆಸ್ ಕೊಟ್ಟ ಹಾಗೆ. ನಾನು ಪ್ರತಿ ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೆ ಕುಂಕುಮ ಇಡುವ ಮುಂಚೆ ಬ್ಯಾಕಪ್ ಇಳಿಸಿಕೊಳ್ಳುತ್ತೇನೆ, ಚಿತ್ರಗಳ ಮೂಲ ಫೈಲನ್ನು ಬೇರೆ ಫೋಲ್ಡರಿನಲ್ಲಿ ಇಡುತ್ತೇನೆ. ಚಿತ್ರಸಮೇತ ಪೂರ್ತಿ ಬ್ಲಾಗನ್ನು ಒಂದು ಪಿಡಿಎಫ್ ಆಗಿಯೋ ಇಬುಕ್ ಆಗಿಯೋ ಇಳಿಸುವ ಗುಂಡಿ ಇದ್ದಿದ್ದರೆ ಎಷ್ಟು ಜನ ಕನ್ನಡ ಬ್ಲಾಗಿಗರ ಪುಸ್ತಕದ ಕೆಲಸ ಹಗುರಾಗುತ್ತಿತ್ತೋ. ಬ್ಲಾಗಿನಿಂದ ಪುಸ್ತಕ ಮಾಡಲು ಹೊರಟರೆ ಒಂದೊಂದೇ ಬರಹ ಕಾಪಿ ಮಾಡಿ ವರ್ಡ್‌ಗೆ ಹಾಕಬೇಕು. ಆಮೇಲೆ ಡಿಟಿಪಿಯವರು ‘ಯೂನಿಕೋಡ್ ಬೇಡ ಸಾರ್, ನುಡಿಯಲ್ಲಿ ಕೊಡಿ’ ಅನ್ನುತ್ತಾರೆ. ಅದು ಬೇರೆ ರಾಮಾಯಣ.

ಹಳೇ ಬ್ಲಾಗಿಗರ ಮನಸ್ಸಿನಲ್ಲಿ ಈಗ ಇರುವ ಇನ್ನೊಂದು ಚಿಂತೆಯನ್ನು ನೀವು ಯುವಕರಾದರೆ ಯೋಚಿಸಿರಲಿಕ್ಕಿಲ್ಲ. ನಾವು ಸತ್ತ ಮೇಲೆ ಬ್ಲಾಗ್ ಏನಾಗುತ್ತದೆ? ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ ನಾಮಿನಿ ಕೇಳುತ್ತಾರೆ. ಬ್ಲಾಗಿಗೂ ಹಾಗೊಂದು ಖಾನೆ ಇರಬೇಕಿತ್ತು. ‘ಇವರ ಕಾಲಾನಂತರ ಇದನ್ನು ಓದಲು ಮಾತ್ರ ಹೀಗೇ ಇಡಿ’ ಎನ್ನುವಂಥದ್ದು. ಈಗ ಇರುವುದರಲ್ಲೇ ಎರಡು ಕೆಲಸ ಮಾಡಬಹುದು. ಗೂಗಲ್ ಖಾತೆಯಲ್ಲಿ ‘ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂದಿದೆ, ಅದರಲ್ಲಿ ನಂಬಿಕೆಯವರ ಹೆಸರು ಕೊಟ್ಟಿಡಿ. ಬ್ಲಾಗಿನ ಸೆಟ್ಟಿಂಗ್ಸ್‌ನಲ್ಲಿ ಮನೆಯವರೊಬ್ಬರನ್ನು ಲೇಖಕರಾಗಿ ಆಹ್ವಾನಿಸಿ ಅಡ್ಮಿನ್ ಮಾಡಿ. ನಾನು ಮಗಳನ್ನು ಮಾಡಿದ್ದೇನೆ. ‘ಅಪ್ಪ, ನಿನ್ನ ಹಳೇ ಕವನ ಡಿಲೀಟ್ ಮಾಡಬಹುದಾ?’ ಎಂದು ಕೇಳಿದ್ದಾಳೆ.

ಹಾಗಾದರೆ ಬೇರೆ ಕಡೆ ಹೋಗುವುದೇ ಒಳ್ಳೆಯದಾ? ನೋಡಿ, ವರ್ಡ್‌ಪ್ರೆಸ್‌ನಲ್ಲಿ ಹಳೇ ಪ್ರತಿ ಸಿಗುತ್ತದೆ, ಕನ್ನಡ ವಿಳಾಸವೂ ಬರುತ್ತದೆ. ಆದರೆ ವಿಳಾಸಕ್ಕೆ 200 ಅಕ್ಷರದ ಮಿತಿ ಇದೆ. ಒಂದಕ್ಕೆ ಒಂಬತ್ತರ ಲೆಕ್ಕದಲ್ಲಿ ಕನ್ನಡದ 22 ಅಕ್ಷರ-ಚಿಹ್ನೆ ಆಗುವಷ್ಟರಲ್ಲಿ ಕತ್ತರಿ ಬೀಳುತ್ತದೆ. ಬಿಟ್ಟಿ ಪ್ಲಾನಿನಲ್ಲಿ ಅವರ ಜಾಹೀರಾತೂ ಬರುತ್ತದೆ. ಬ್ಲಾಗು, ವೆಬ್‌ಪುಟಗಳಿಗೆ ಜಾಗ ಕೊಡುತ್ತಿದ್ದ ಉಳಿದವರ ಕಥೆ ಕೇಳಿ: ಜಿಯೋಸಿಟೀಸ್ 2009ರಲ್ಲಿ ಹೋಯಿತು, ಪೋಸ್ಟರಸ್ 2013ರಲ್ಲಿ ಹೋಯಿತು, ಎರಡು ದಶಕ ದಾಟಿದ್ದ ಟೈಪ್‌ಪ್ಯಾಡ್ ಕೂಡ 2025ರ ಸೆಪ್ಟೆಂಬರ್ ಕೊನೆಗೆ ಬಾಗಿಲು ಹಾಕಿತು. ಮರೆತುಹೋದ ಮನೆ ಅನ್ನುತ್ತೇವೆ, ಆದರೂ ನನ್ನ 2008ರ ಬರಹ ಇವತ್ತೂ ಅದೇ ವಿಳಾಸದಲ್ಲಿ ತೆರೆದುಕೊಳ್ಳುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಬ್ಲಾಗರ್‌ನಲ್ಲೇ ಶುರು ಮಾಡುತ್ತಿದ್ದೆ, ಒಂದು ಸ್ವಂತ ಡೊಮೈನ್ ಹೆಸರು, ಅಂದರೆ ನಿಮ್ಮದೇ ವೆಬ್ ವಿಳಾಸ, ಕೊಂಡು. ಅದನ್ನು ಜೋಡಿಸಲು ಬ್ಲಾಗರ್ ದುಡ್ಡು ಕೇಳುವುದಿಲ್ಲ. ನಾಳೆ ಎಲ್ಲಿಗಾದರೂ ಗುಳೆ ಹೋಗಬೇಕಾದರೆ ಆ ಹೆಸರು ನಿಮ್ಮ ಜೊತೆಗೇ ಬರುತ್ತದೆ. ಮೊದಲ ಬರಹ ಪ್ರಕಟಿಸುವ ಮುಂಚೆ ಬಲಗಡೆಯಲ್ಲಿ ಬರಹದ ವಿಳಾಸ ಬರೆಯುವ ಪರ್ಮಾಲಿಂಕ್ ಖಾನೆ ತೆರೆದು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದೊಂದು ವಿಳಾಸ ಬರೆಯಿರಿ, ಆಮೇಲೆ ಬದಲಿಸುವುದು ತಲೆನೋವು. ಮತ್ತೆ, ಡೊಮೈನಿಗೆ ಪ್ರತಿ ವರ್ಷ ದುಡ್ಡು ಕಟ್ಟುವ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಡಿ. ಗೂಗಲ್‌ನಂಥವರ ಕೈಯಿಂದಲೇ ಒಂದು ಜಾರಿಹೋಗಿದೆ.